ನಂದಿ ಬೆಟ್ಟ: ಚರ್ಚೆಯೆಲ್ಲ ತುದಿಯಲ್ಲಿ, ಕುಸಿತವೆಲ್ಲ ತಪ್ಪಲಲ್ಲಿ

2021ರ ಆಗಸ್ಟ್ ಕೊನೆಯ ವಾರ ಒಂದು ರಾತ್ರಿ ಸುರಿದ ಮಳೆಗೆ ನಂದಿ ಬೆಟ್ಟದ ರಸ್ತೆ ತುಂಡಾಯಿತು. ಪಕ್ಕದ ಬ್ರಹ್ಮಗಿರಿ ಬೆಟ್ಟದ ಕಡೆಯಿಂದ ಮಣ್ಣು, ಗುಂಡುಕಲ್ಲು, ಬುಡಮೇಲಾದ ಮರ ಎಲ್ಲ ಕಲಸಿಕೊಂಡು ಇಳಿದವು. ಪ್ರವಾಸಿಗರಿಗೆ ಮತ್ತೆ ಗೇಟು ತೆರೆದದ್ದು ಡಿಸೆಂಬರ್ 1ಕ್ಕೆ. ಆ ಮೂರು ತಿಂಗಳೂ ಜನ ಕೇಳಿದ ಪ್ರಶ್ನೆ ಒಂದೇ: ಓಪನ್ ಯಾವಾಗ? ಮಲೆನಾಡಿನ ಮೆತ್ತನೆ ಮಣ್ಣಿನ ಗುಡ್ಡ ಜರಿದರೆ ಅರ್ಥವಾಗುತ್ತದೆ, ಬರೀ ಕಲ್ಲಿನ ಬಯಲುಸೀಮೆ ಬೆಟ್ಟ ಜರಿಯುವುದು ಹೇಗೆ ಎಂದು ಕೇಳಿದವರು ಕಡಿಮೆ.

ಆಮೇಲೂ ಬೆಟ್ಟ ಸುದ್ದಿಯಲ್ಲೇ ಇದೆ. 2023ರ ಮಾರ್ಚ್‌ನಲ್ಲಿ ರೋಪ್‌ವೇಗೆ ಶಂಕುಸ್ಥಾಪನೆ ಆಯಿತು. 2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟವೇ ಬೆಟ್ಟದ ಮೇಲೆ ಸಭೆ ಸೇರಿತು. ಶನಿವಾರ, ಭಾನುವಾರದ ವಾಹನ ಸಾಲು, ಪ್ಲಾಸ್ಟಿಕ್, ಪಾರ್ಕಿಂಗ್ ಇವೆಲ್ಲ ಎಲ್ಲರ ಬಾಯಲ್ಲೂ ಇವೆ. ಗಮನಿಸಿ, ಇವೆಲ್ಲವೂ ಬೆಟ್ಟದ ನೆತ್ತಿಯ ಮಾತು. ಬೆಟ್ಟ ಕೆಲಸ ಮಾಡುವುದು ಮಾತ್ರ ತಪ್ಪಲಿನಲ್ಲಿ. ಹಾಳಾಗುತ್ತಿರುವುದೂ ಅಲ್ಲೇ.

ಈ ಬೆಟ್ಟದ ಭೂಗೋಳ ಗೊತ್ತಿಲ್ಲದೆ ಈ ಮಾತು ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಎಷ್ಟು ಎತ್ತರ, ಯಾವ ಕಲ್ಲು

ನಂದಿ ಒಂಟಿ ಬೆಟ್ಟವಲ್ಲ. ನಂದಿಗಿರಿ, ಬ್ರಹ್ಮಗಿರಿ, ಚನ್ನಗಿರಿ, ಸ್ಕಂದಗಿರಿ, ದಿವ್ಯಗಿರಿ ಎಂದು ಐದು ಹೆಸರು ಸೇರಿಸಿ ಪಂಚಗಿರಿ ಎನ್ನುತ್ತಾರೆ. ಸ್ಕಂದಗಿರಿಯನ್ನು ಸುತ್ತಲಿನವರು ಇವತ್ತಿಗೂ ಕಳವಾರ ದುರ್ಗ ಎಂದೇ ಕರೆಯುವುದು. ನಂದಿಯ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್. ಚಿಕ್ಕಬಳ್ಳಾಪುರ ಪಟ್ಟಣವೇ ಸುಮಾರು 915 ಮೀಟರ್ ಎತ್ತರದಲ್ಲಿದೆ. ಎಂದರೆ ನಮ್ಮ ಕಣ್ಣಿಗೆ ಕಾಣುವ ಬೆಟ್ಟ ಸುಮಾರು 560 ಮೀಟರ್. ಟಿಪ್ಪು ಡ್ರಾಪ್ ಬಳಿ ನಿಂತು "ಇಲ್ಲಿಂದ ನೇರ 600 ಮೀಟರ್ ಪ್ರಪಾತ ಸಾರ್" ಎನ್ನುವವರ ಲೆಕ್ಕಕ್ಕೆ ಬೆಟ್ಟವೇ ಸಾಲುವುದಿಲ್ಲ. ಕಡಿದಾದ ಬಂಡೆ ಅದರ ಒಂದು ಪಾಲು ಮಾತ್ರ. ಉಳಿದದ್ದು ಇಳಿಜಾರು, ಗುಂಡುಕಲ್ಲು, ಕುರುಚಲು.

ಮೇಲೆ ತಂಪಾಗಿರುವುದಕ್ಕೂ ಇದೇ 560 ಮೀಟರ್ ಕಾರಣ. ನೂರು ಮೀಟರ್ ಏರಿದರೆ ಗಾಳಿಯ ಉಷ್ಣತೆ ಸುಮಾರು 0.65 ಡಿಗ್ರಿ ಇಳಿಯುತ್ತದೆ. ಹಾಗಾಗಿ ಪಟ್ಟಣಕ್ಕಿಂತ ಮೇಲೆ ಮೂರೂವರೆ ಡಿಗ್ರಿ ಕಡಿಮೆ, ಅಷ್ಟೇ. ಮಿಕ್ಕ ಚಳಿಯನ್ನು ಕೊಡುವುದು ಗಾಳಿ. ಎಲ್ಲರೂ ಹಂಬಲಿಸುವ ಮೋಡದ ಸಮುದ್ರ ಕಾಣಬೇಕಾದರೆ ಹಿಂದಿನ ದಿನ ನೆಲ ನೆನೆದಿರಬೇಕು, ರಾತ್ರಿ ಆಕಾಶ ತಿಳಿಯಾಗಿರಬೇಕು, ಗಾಳಿ ನಿಂತಿರಬೇಕು. ಆಗ ತಣ್ಣಗಾದ ಗಾಳಿ ತಗ್ಗಿನಲ್ಲಿ ಕೂತು ಮಂಜಾಗುತ್ತದೆ, ಬೆಟ್ಟ ಅದರ ಮೇಲೆ ತಲೆ ಎತ್ತುತ್ತದೆ. ಬಿಸಿಲು ಏರಿ ನೆಲ ಕಾದರೆ ಮುಗಿಯಿತು. ಮುಂಗಾರಿನಲ್ಲಿ ಮೋಡದ ತಳವೇ ಬೆಟ್ಟದ ನೆತ್ತಿಗಿಂತ ಕೆಳಗಿರುತ್ತದೆ. ಆಗ ಸಮುದ್ರ ಕಾಣುವುದಿಲ್ಲ, ಸಮುದ್ರದೊಳಗೇ ನಿಂತಿರುತ್ತೀರಿ. ಈ ಒಂದೆರಡು ಗಂಟೆಯ ನೋಟಕ್ಕಾಗಿಯೇ ಬೆಳಗಿನ ಜಾವ ಗೇಟಿನ ಮುಂದೆ ಸಾಲು. ಇಡೀ ದಿನಕ್ಕೆ ಹಂಚಿಹೋಗಬೇಕಾದ ಜನ ಒಂದೇ ಹೊತ್ತಿಗೆ ಒಂದೇ ರಸ್ತೆಗೆ ಬೀಳುತ್ತಾರೆ.

ಇನ್ನು ಕಲ್ಲು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಹೆಸರನ್ನೇ ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ದಕ್ಷಿಣದಿಂದ ಉತ್ತರಕ್ಕೆ 400 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಪಟ್ಟಿಯಾಗಿ ಹಬ್ಬಿದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗ, ಮಧುಗಿರಿಯ ಏಕಶಿಲೆ, ಪಾವಗಡದ ಬೆಟ್ಟ ಇವೆಲ್ಲ ಆ ಪಟ್ಟಿಯವು. ವಯಸ್ಸು ಸುಮಾರು 250 ಕೋಟಿ ವರ್ಷ. ನಂದಿ ಸಾಲು ಆ ಪಟ್ಟಿಗೆ ಪೂರ್ವದಲ್ಲಿದೆ, ಆದರೆ ಕಲ್ಲಿನ ಜಾತಿ ಅದೇ. ಹಳೆಯ ನೈಸ್ ಶಿಲೆಯೊಳಗೆ ಕರಗಿ ನುಗ್ಗಿ, ನೆಲದಡಿಯಲ್ಲಿ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ನಿಧಾನ ಆರಿ ಗಟ್ಟಿಯಾದ ಗ್ರಾನೈಟ್. ಮೇಲಿನ ಹೊದಿಕೆ ಕೋಟ್ಯಂತರ ವರ್ಷ ಸವೆದು ಹೋದ ಮೇಲೆ ಹೊರಗೆ ಬಂದದ್ದು ಇವತ್ತಿನ ಬೆಟ್ಟ. ಬೆಟ್ಟ ಎದ್ದು ನಿಂತಿತು ಎನ್ನುವುದು ರೂಢಿಯ ಮಾತು. ನಡೆದದ್ದು ಬೇರೆ: ಸುತ್ತಲಿನ ನೆಲ ಇಳಿಯಿತು, ಗಟ್ಟಿ ಇದ್ದದ್ದು ಉಳಿಯಿತು.

ಆಳದಲ್ಲಿ ಭಾರದಡಿ ಅಮುಕಿದ್ದ ಕಲ್ಲು, ಭಾರ ಹೋದ ಮೇಲೆ ಚೂರು ಚೂರೇ ಹಿಗ್ಗುತ್ತದೆ. ಹಿಗ್ಗಿದಾಗ ಮೈಗೆ ಸಮಾನಾಂತರವಾಗಿ ಪದರ ಪದರ ಬಿಡುತ್ತದೆ, ಈರುಳ್ಳಿ ಸಿಪ್ಪೆಯ ಹಾಗೆ. ಮೇಲಿನ ಪದರ ಕೆಲವೇ ಇಂಚು ದಪ್ಪ, ಕೆಳಗಿಳಿದಂತೆ ಮೀಟರ್‌ಗಟ್ಟಲೆ. ಇದನ್ನು ಭೂವಿಜ್ಞಾನಿಗಳಿಗಿಂತ ಚೆನ್ನಾಗಿ ಬಲ್ಲವರು ಈ ಸೀಮೆಯ ಕಲ್ಲು ಒಡೆಯುವವರು. ಹಾಸುಬಂಡೆಯ ಮೇಲೆ ಸೌದೆಯನ್ನು ಸಾಲಾಗಿ ಜೋಡಿಸಿ ಬೆಂಕಿ ಹಾಕುತ್ತಾರೆ. ಬೆಂಕಿಯ ಸಾಲನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತ, ಹಿಂದೆ ಉಳಿದ ಜಾಗವನ್ನು ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ. ಗಟ್ಟಿ ಸದ್ದು ಬಂದರೆ ಕಲ್ಲು ಇನ್ನೂ ಅಂಟಿಕೊಂಡಿದೆ. ಪೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ. ಆಮೇಲೆ ಸಾಲು ಗುಳಿ ಹೊಡೆದು ಬೇಕಾದ ಅಳತೆಗೆ ಸೀಳಿದರೆ ಚಪ್ಪಡಿ, ಇನ್ನೂ ಸಣ್ಣಗೆ ಸೀಳಿದರೆ ದ್ರಾಕ್ಷಿ ಚಪ್ಪರದ ಕಲ್ಲುಕಂಬ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳೇ ಮನೆಗಳ ಚಾವಣಿಗೆ ಹಾಸಿದ ಕಲ್ಲು ಹೀಗೆ ಎದ್ದು ಬಂದದ್ದು. ಬೆಟ್ಟ ತಾನೇ ಬಿಟ್ಟುಕೊಟ್ಟ ಬಿರುಕನ್ನು ಹುಡುಕಿ ತೆಗೆಯುವ ಕೆಲಸ ಅದು. ಜಿಲೆಟಿನ್ ಇಟ್ಟು ಗುಟ್ಟೆಯನ್ನೇ ಪುಡಿ ಮಾಡಿ ಜಲ್ಲಿ, ಎಂ ಸ್ಯಾಂಡ್ ಮಾಡುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ಈ ಜಿಲ್ಲೆಯಲ್ಲೇ.

ಪದರ ಬಿಡುವ ಈ ಗುಣ ಬೆಟ್ಟಕ್ಕೆ ಗುಮ್ಮಟದ ಆಕಾರ ಕೊಟ್ಟಿದೆ. ಗುಮ್ಮಟದ ಅಪಾಯ ಏನೆಂದರೆ, ಮೇಲಿನಿಂದ ಇಳಿಯುವವನಿಗೆ ಮುಂದಿನ ಇಳಿಜಾರು ಕಾಣುವುದಿಲ್ಲ. ಮೊದಲ ಇಪ್ಪತ್ತು ಹೆಜ್ಜೆ ಅಂಗಳದಷ್ಟು ಸಲೀಸು. ಆಮೇಲೆ ಪ್ರತಿ ಹೆಜ್ಜೆಗೂ ಬಾಗು ಹೆಚ್ಚುತ್ತ ಹೋಗುತ್ತದೆ. ಒಣಗಿದ ಒರಟು ಬಂಡೆಯ ಮೇಲೆ ಹಿಡಿತ ಕೊಟ್ಟ ಶೂ, ಹಾವಸೆ ಕಟ್ಟಿದ ಅಥವಾ ಸಣ್ಣ ಹರಳು ಉದುರಿದ ಜಾಗದಲ್ಲಿ ಕೈಕೊಡುತ್ತದೆ. ಜಾರಿದ ಮೇಲೆ ತಡೆಯುವಂಥದ್ದು ಏನೂ ಇರುವುದಿಲ್ಲ, ಬಾಗು ಇನ್ನೂ ಕಡಿದಾಗುತ್ತಲೇ ಇರುತ್ತದೆ. 2022ರ ಫೆಬ್ರವರಿಯಲ್ಲಿ ಬ್ರಹ್ಮಗಿರಿಯ ಬಂಡೆಯಲ್ಲಿ ಜಾರಿ ಸಿಕ್ಕಿಕೊಂಡ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ತಂದು ಎತ್ತಬೇಕಾಯಿತು. ಹತ್ತಿದ ದಾರಿಯಲ್ಲೇ ಇಳಿಯಬೇಕು, ಕೆಳಗಿನದು ಕಾಣದ ಬಂಡೆಯ ಮೇಲೆ ಅಡ್ಡದಾರಿ ಹಿಡಿಯಬಾರದು ಎಂದು ಕುರಿಗಾಹಿಗಳು ಹೇಳುವುದರ ಹಿಂದೆ ಇರುವುದು ಈ ಆಕಾರದ ಲೆಕ್ಕವೇ.

ಒಂದು ಮಳೆಯ ಲೆಕ್ಕ

ಒಂದು ಹೆಕ್ಟೇರ್ ಬೋಳು ಹಾಸುಬಂಡೆಯ ಮೇಲೆ 50 ಮಿಲಿಮೀಟರ್ ಮಳೆ ಬಿತ್ತು ಎಂದುಕೊಳ್ಳಿ. ಅದು 5 ಲಕ್ಷ ಲೀಟರ್ ನೀರು. ಬಂಡೆ ಕುಡಿಯುವುದು, ದೊಣೆಗಳಲ್ಲಿ ನಿಲ್ಲುವುದು ಎಲ್ಲ ಕಳೆದರೂ ಬಹುಪಾಲು ನೀರು ನಿಮಿಷಗಳಲ್ಲಿ ಕೆಳಗಿಳಿಯುತ್ತದೆ. ಬಂಡೆ ಮುಗಿಯುವ ಕಡೆ, ಅದರ ಬುಡದಲ್ಲಿ, ಯುಗಯುಗಗಳಿಂದ ಉದುರಿದ ಗುಂಡು, ಹರಳು, ಗರಸು ಮಣ್ಣು ಸೇರಿ ಒಂದು ಸೆರಗು ಬೆಳೆದಿರುತ್ತದೆ. ಮೇಲ್ಗಡೆ ದೊಡ್ಡ ಗುಂಡುಗಳು, ಕೆಳಗೆ ಬಂದಂತೆ ದಪ್ಪ ಮರಳು, ಆಮೇಲೆ ಕೆಂಪುಮಣ್ಣು. ಓಡುವ ನೀರಿನ ವೇಗ ಮುರಿಯುವುದು ಇಲ್ಲಿ. ನೀರು ಗುಂಡುಗಳ ಸಂದಿಯಲ್ಲಿ ಇಳಿದು, ಮರಳಿನಲ್ಲಿ ಜಿನುಗಿ, ಕೊಳೆತ ಕಲ್ಲಿನ (ನೀರು, ಗಾಳಿಗೆ ಶಿಥಿಲವಾದ ಬಂಡೆಯ) ಪದರ ಸೇರುತ್ತದೆ.

ಈ ಕೊಳೆತ ಕಲ್ಲಿನ ಪದರವೇ ಈ ಸೀಮೆಯ ನಿಜವಾದ ಜಲಾಶಯ. ದಪ್ಪ ಸಾಮಾನ್ಯವಾಗಿ 10ರಿಂದ 25 ಮೀಟರ್. ಹಳೇ ತೆರೆದ ಬಾವಿಗಳೆಲ್ಲ ಇದರಲ್ಲೇ ನಿಲ್ಲುತ್ತಿದ್ದವು. ಇದರ ಸಾವಿರ ಲೀಟರ್ ಗಾತ್ರದಲ್ಲಿ ಬಿಟ್ಟುಕೊಡುವ ನೀರು ಸುಮಾರು 15ರಿಂದ 30 ಲೀಟರ್. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ಬಿರುಕಿನಲ್ಲಿ ಸಿಕ್ಕಿದ್ದಷ್ಟೇ ನೀರು, ಸಾವಿರಕ್ಕೆ ಬೆರಳೆಣಿಕೆಯ ಲೀಟರ್. ಸಾವಿರ, ಸಾವಿರದೈನೂರು ಅಡಿ ಬೋರ್ ಕೊರೆದವರು ಆಳಕ್ಕೆ ಹೋದಷ್ಟೂ ನೀರು ಜಾಸ್ತಿ ಎಂದು ನಂಬಿ ಹೋಗುತ್ತಾರೆ. ಇರುವುದು ತದ್ವಿರುದ್ಧ: ಆಳಕ್ಕೆ ಹೋದಷ್ಟೂ ಸಂದು ಕಡಿಮೆ, ನೀರು ಹಳೆಯದು, ಕಲ್ಲಿನ ಜೊತೆ ಬಹುಕಾಲ ಕೂತು ಫ್ಲೋರೈಡ್ ಕರಗಿಸಿಕೊಂಡದ್ದು. ಗ್ರಾನೈಟಿನ ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರೈಡ್ ಇದೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಕಾಣುವ ಕಂದು ಗೆರೆ ಹಲ್ಲಿಗೆ ಬೆಟ್ಟದ ಕಲ್ಲು ಒಂದು ಕಾರಣ, ಆಳದ ಬೋರ್ ಇನ್ನೊಂದು.

ಬಿರುಕಿನ ನೀರು ಎಲ್ಲಾದರೂ ಇಳಿಜಾರಿನಲ್ಲಿ ಬಾಯಿ ಬಿಟ್ಟರೆ ಅದೇ ಸೆಲೆ. ನಂದಿಯ ಮೇಲಿನ ಅಮೃತ ಸರೋವರ, ಕೋಲಾರದ ಶತಶೃಂಗ ಬೆಟ್ಟದಲ್ಲಿ ಬಸವನ ಬಾಯಿಂದ ಬೀಳುವ ಅಂತರಗಂಗೆ, ದೇವರಾಯನದುರ್ಗದ ನಾಮದ ಚಿಲುಮೆ ಮೂರೂ ಇದೇ ಬಗೆಯವು. ಪುರಾಣ ಬೇರೆ ಬೇರೆ, ಭೂಗೋಳ ಒಂದೇ.

ಕಲ್ಲಿನ ಬೆಟ್ಟ ಜರಿಯುವುದು ಹೇಗೆ

ಜರಿಯುವುದು ಕಲ್ಲಲ್ಲ. ನಯವಾದ ಬಂಡೆಯ ಮೇಲೆ ಒಂದರಿಂದ ಮೂರು ಮೀಟರ್ ದಪ್ಪ ಮಣ್ಣು ಇಳಿಜಾರಿನಲ್ಲಿ ಕೂತಿರುತ್ತದೆ. ಅದನ್ನು ಹಿಡಿದಿರುವುದು ಮೂರು: ಮಣ್ಣಿನ ಹರಳುಗಳ ಘರ್ಷಣೆ, ಬೇರು, ಮತ್ತು ಬುಡದಲ್ಲಿ ಅಡ್ಡ ನಿಂತ ಮಣ್ಣಿನ ಗುಪ್ಪೆ. ಜೋರು ಮಳೆ ಬಿಡದೆ ಹೊಡೆದರೆ ನೀರು ಮಣ್ಣನ್ನು ದಾಟಿ ಬಂಡೆಯ ಮೈ ಮುಟ್ಟುತ್ತದೆ. ಬಂಡೆ ಒಳಗೆ ಬಿಡುವುದಿಲ್ಲ. ನೀರು ಅಲ್ಲೇ ಶೇಖರವಾಗಿ ಮಣ್ಣನ್ನು ಅಡಿಯಿಂದ ಎತ್ತುತ್ತದೆ, ಘರ್ಷಣೆ ಸಡಿಲವಾಗುತ್ತದೆ. ಬುಡದ ಗುಪ್ಪೆ ಗಟ್ಟಿಯಾಗಿದ್ದರೆ ಅಷ್ಟಕ್ಕೂ ತಡೆದೀತು. ಆದರೆ ರಸ್ತೆ ಮಾಡುವಾಗ, ಅಗಲ ಮಾಡುವಾಗ ಮೊದಲು ಕತ್ತರಿಸುವುದೇ ಆ ಗುಪ್ಪೆಯನ್ನು.

ಎರಡನೇ ಕಾರಣ ಮೋರಿ. ಬೆಟ್ಟದ ರಸ್ತೆ ಎಂದರೆ ಇಳಿಜಾರಿಗೆ ಅಡ್ಡ ಹಾಕಿದ ಒಂದು ಉದ್ದದ ಒಡ್ಡು. ನೂರು ಕಡೆ ಸಣ್ಣದಾಗಿ ಇಳಿಯುತ್ತಿದ್ದ ನೀರನ್ನು ಅದು ಪಕ್ಕದ ಚರಂಡಿಯಲ್ಲಿ ಕೂಡಿಸಿ ಐದಾರು ಮೋರಿಗಳ ಮೂಲಕ ದಾಟಿಸುತ್ತದೆ. ಒಂದು ಮೋರಿಯ ಬಾಯಿಗೆ ಒಣ ಎಲೆ, ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ ಸೇರಿ ಬಿರಡೆ ಬಿದ್ದರೆ ಅದರ ಪಾಲಿನ ನೀರು ಮುಂದಿನ ಮೋರಿಗೆ ಓಡುತ್ತದೆ, ಇಲ್ಲವೇ ತಿರುವಿನಲ್ಲಿ ರಸ್ತೆಯ ಮೇಲೆ ಹಾರಿ ಕೆಳಗಿನ ಸುತ್ತಿನ ತಡೆಗೋಡೆಯ ತಲೆಗೆ ಬೀಳುತ್ತದೆ. ಮೇಲಿನ ತಿರುವಿನ ಕಸ ಕೆಳಗಿನ ತಿರುವನ್ನು ಉರುಳಿಸುವುದು ಹೀಗೆ. ಕಸದ ವಿಷಯವನ್ನು ಬರೀ ಚೊಕ್ಕಟದ ಪ್ರಶ್ನೆ ಎಂದುಕೊಂಡವರಿಗೆ ಈ ಕೊಂಡಿ ಕಾಣುವುದಿಲ್ಲ.

ತಡೆಗೋಡೆ ಕಟ್ಟಿದರೆ ಮುಗಿಯಿತು ಎಂಬ ನಂಬಿಕೆಯೂ ಇದೆ. ಗೋಡೆಯ ಹಿಂದೆ ನೀರು ನಿಂತರೆ ಎಷ್ಟು ದಪ್ಪದ ಗೋಡೆಯೂ ಮುಂದಕ್ಕೆ ಉಬ್ಬುತ್ತದೆ. ಹಿಂಬದಿಗೆ ಜಲ್ಲಿಯ ಪದರ ಬೇಕು, ಗೋಡೆಯಲ್ಲಿ ಮೀಟರ್, ಒಂದೂವರೆ ಮೀಟರ್‌ಗೊಂದರಂತೆ ಹೊರಕ್ಕೆ ಇಳಿಜಾರಾದ ಪೈಪು ಬೇಕು. ಜಲ್ಲಿಯ ಬದಲು ಅಗೆದ ಮಣ್ಣನ್ನೇ ತುಂಬಿದರೆ ಒಂದೇ ಮಳೆಗಾಲದಲ್ಲಿ ಪೈಪು ಕಟ್ಟಿಕೊಳ್ಳುತ್ತದೆ. ಮಳೆ ನಿಂತ ಮರುದಿನ ಹೋಗಿ ನೋಡಿದರೆ ಗೋಡೆಯ ಆರೋಗ್ಯ ಹೇಳಬಹುದು. ಪೈಪಿನಲ್ಲಿ ತಿಳಿನೀರು ಬರುತ್ತಿದ್ದರೆ ಸರಿ. ಏನೂ ಬರದಿದ್ದರೆ ಕಟ್ಟಿದೆ. ಕೆಂಪು ನೀರು ಬಂದರೆ ಹಿಂದಿನ ಮಣ್ಣು ಕೊಚ್ಚಿ ಹೋಗುತ್ತಿದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ರಸ್ತೆಯ ಅಂಚಿಗೆ ಸಮಾನಾಂತರವಾಗಿ ಡಾಂಬರಿನಲ್ಲಿ ಬಿಟ್ಟ ಬಿರುಕು, ಬುಡದಲ್ಲಿ ಬಾಗಿ ತುದಿಯಲ್ಲಿ ನೆಟ್ಟಗಾದ ಮರ, ಒಂದೇ ಕಡೆ ವಾಲಿದ ವಿದ್ಯುತ್ ಕಂಬ ಇವೂ ಅದೇ ಸುದ್ದಿ ಹೇಳುತ್ತವೆ.

ಇನ್ನೊಂದು ಮಾತು. ಚಿಕ್ಕಬಳ್ಳಾಪುರದಲ್ಲಿ ಮಳೆ ಬಲಗೊಳ್ಳುವುದು ಜೂನ್‌ನಲ್ಲಲ್ಲ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗಿನ ಸೋನೆಗೆ ಮಣ್ಣು ಆಗಲೇ ನೆನೆದಿರುತ್ತದೆ, ಮೋರಿಗಳಿಗೆ ಮೂರು ತಿಂಗಳ ಕಸ ಸೇರಿರುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಹೂಳು ತೆಗೆದು ಬಿಲ್ ಮಾಡಿ ಸುಮ್ಮನಾಗುವ ಪದ್ಧತಿ ಕರಾವಳಿಯ ಕ್ಯಾಲೆಂಡರ್‌ಗೆ ಸರಿ, ಇಲ್ಲಿಗಲ್ಲ. ಆಗಸ್ಟ್‌ನಲ್ಲಿ ಎರಡನೇ ಸುತ್ತು ಆಗಲೇಬೇಕು. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದ ಇಳಿಜಾರುಗಳನ್ನು ಗುರುತು ಹಾಕಿಕೊಂಡು ಅವುಗಳ ಕೆಳಗಿನ ಮೋರಿಗಳನ್ನು ಮೊದಲು ನೋಡಬೇಕು. ಬೇರು ಸುಟ್ಟ ಮಣ್ಣು ಮೊದಲ ಮಳೆಗೇ ಕದಲುತ್ತದೆ.

ನಾಲ್ಕು ದಿಕ್ಕಿಗೆ ಹೊರಟ ನೀರು

ನಂದಿಯನ್ನು ಪಂಚನದಿಗಳ ತವರು ಎನ್ನುತ್ತಾರೆ. ಸ್ವಲ್ಪ ಬಿಡಿಸಿ ಹೇಳಬೇಕು. ಅರ್ಕಾವತಿ ಇಲ್ಲಿಂದ ದೊಡ್ಡಬಳ್ಳಾಪುರದ ಕಡೆ ಇಳಿದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಉತ್ತರ ಪಿನಾಕಿನಿ ಚನ್ನಗಿರಿ ಕಡೆಯಿಂದ ಗೌರಿಬಿದನೂರಿನ ಮೇಲೆ ಆಂಧ್ರಕ್ಕೆ ಹೋಗಿ, 597 ಕಿಲೋಮೀಟರ್ ಹರಿದು ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆ ದಾಟಿ ತಮಿಳುನಾಡಿನಲ್ಲಿ ಪೆಣ್ಣೈಯಾರ್ ಆಗಿ ಕಡಲೂರಿನಲ್ಲಿ ಮುಗಿಯುತ್ತದೆ. ಚಿತ್ರಾವತಿ, ಪಾಪಾಗ್ನಿ ಎರಡೂ ಈ ಬೆಟ್ಟಸಾಲಿನ ಪೂರ್ವ, ಈಶಾನ್ಯದ ನೀರನ್ನು ಒಯ್ದು ಆಂಧ್ರದಲ್ಲಿ ಪಿನಾಕಿನಿಗೇ ಸೇರಿಸುತ್ತವೆ. ಪಾಲಾರ್ ನದಿಯನ್ನೂ ನಂದಿಯ ಲೆಕ್ಕಕ್ಕೆ ಸೇರಿಸುವುದು ಅಭ್ಯಾಸ, ಆದರೆ ಅದು ಹುಟ್ಟುವುದು ಇನ್ನೂ ಪೂರ್ವದ ತಲಗವಾರದ ಬೆಟ್ಟಗಳಲ್ಲಿ. ತುಮಕೂರಿನ ದೇವರಾಯನದುರ್ಗವೂ ನೀರನ್ನು ಬೇರೆ ಬೇರೆ ಕಡೆಗೆ ಹಂಚುವ ಇಂಥದ್ದೇ ಒಂದು ದಿಣ್ಣೆ: ಜಯಮಂಗಲಿ ಉತ್ತರಕ್ಕೆ ಪಿನಾಕಿನಿಯತ್ತ, ಶಿಂಷಾ ದಕ್ಷಿಣಕ್ಕೆ ಕಾವೇರಿಯತ್ತ.

ಹುಟ್ಟುವ ಜಾಗದಲ್ಲಿ ನದಿಗೆ ನೀರಿಗಿಂತ ವ್ಯಾಜ್ಯವೇ ಹೆಚ್ಚು. 1892ರ ಮದ್ರಾಸ್–ಮೈಸೂರು ಒಪ್ಪಂದದಿಂದ ಹಿಡಿದು, ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಕೋಲಾರ ಜಿಲ್ಲೆಯ ಯರಗೋಳದಲ್ಲಿ ಕಟ್ಟಿದ ಅಣೆಯ ಬಗ್ಗೆ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋದವರೆಗೆ, ಮೇಲಿನವರು ಎಷ್ಟು ಹಿಡಿಯಬಹುದು ಎಂಬುದೇ ಜಗಳ. ವಿಚಿತ್ರವೆಂದರೆ ಮೇಲಿನವರ ಕೆರೆಗೂ ನೀರು ಬರುತ್ತಿಲ್ಲ.

ಅರ್ಕಾವತಿಯನ್ನೇ ನೋಡಿ. ಬೆಂಗಳೂರಿಗೆ ಮೊದಲ ನಲ್ಲಿ ನೀರು ಕೊಟ್ಟದ್ದು 1890ರ ದಶಕದಲ್ಲಿ ಹೆಸರಘಟ್ಟ. 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು. ನಂದಿಯ ಮಳೆ ತಗ್ಗು ಹಿಡಿದು ಬೆಂಗಳೂರಿನ ದಿಕ್ಕಿಗೆ ಬರುತ್ತಿತ್ತು. ಇವತ್ತು ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪ್ ಹೊಡೆದು ಬೆಟ್ಟದ ಸೀಮೆಯ ಕಂದವಾರ ಕೆರೆಗೆ ತರಲಾಗುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 21 ಕೋಟಿ ಲೀಟರ್. ಕೋಲಾರಕ್ಕೆ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯಿಂದ 44 ಕೋಟಿ ಲೀಟರ್. ಪಶ್ಚಿಮ ಘಟ್ಟದಿಂದ ಎತ್ತಿನಹೊಳೆ ಬೇರೆ ಬರಬೇಕಿದೆ, ಅದರ ಪರಿಷ್ಕೃತ ಅಂದಾಜು 23,251 ಕೋಟಿ ರೂಪಾಯಿ. ಕೆರೆ ತುಂಬಿದ ಹಳ್ಳಿಗಳಲ್ಲಿ ಬೋರ್‌ಗಳಿಗೆ ಜೀವ ಬಂದದ್ದು ಸುಳ್ಳಲ್ಲ. ಆದರೆ ಬೆಟ್ಟದ ಬುಡದಲ್ಲಿ ಬಿದ್ದ ಮಳೆ ಪಕ್ಕದ ಕೆರೆ ತಲುಪದೆ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಪೈಪ್‌ಲೈನ್ ಉತ್ತರವಲ್ಲ.

ಆ ಪ್ರಶ್ನೆಯ ಉತ್ತರದ ಒಂದು ತುದಿ ಈ ಬೆಟ್ಟದ ಮೇಲೇ ಇದೆ. ನೀಲಗಿರಿ ಮರವನ್ನು ಭಾರತದಲ್ಲಿ ಮೊದಲು ನೆಟ್ಟದ್ದು ಹದಿನೆಂಟನೇ ಶತಮಾನದ ಕೊನೆಯಲ್ಲಿ, ಟಿಪ್ಪು ಕಾಲದಲ್ಲಿ, ನಂದಿಯ ತೋಟದಲ್ಲಿ ಎಂದು ಅರಣ್ಯ ಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಅಲ್ಲಿಯ ಮರಗಳ ಬೀಜದಿಂದ ಬೆಳೆದ ತಳಿಗೆ ಮೈಸೂರು ಗಮ್ ಎಂದೇ ಹೆಸರು. ಅದು ದೇಶವೆಲ್ಲ ಹಬ್ಬಿತು, ಇಲ್ಲಿಯ ಗೋಮಾಳ, ರಾಗಿ ಹೊಲಗಳಿಗೂ ಇಳಿಯಿತು. ಕೂಲಿಯಾಳು ಸಿಗದ, ಮಳೆ ನೆಚ್ಚದ ರೈತನಿಗೆ ಐದಾರು ವರ್ಷಕ್ಕೊಮ್ಮೆ ಕಟಾವು ಕೊಡುವ ನೀಲಗಿರಿ ತೋಪು ಅನುಕೂಲವೇ. ಆದರೆ ಅದರ ಬೇರು ಹೀರುವುದು ಅದೇ ಕೊಳೆತ ಕಲ್ಲಿನ ಪದರದ ತೇವವನ್ನು, ವರ್ಷವಿಡೀ. ರಾಗಿ ನಾಲ್ಕು ತಿಂಗಳಿಗೆ ಏಳುತ್ತದೆ, ಉಳಿದ ಎಂಟು ತಿಂಗಳು ಹೊಲ ಸುಮ್ಮನಿರುತ್ತದೆ. ನೀಲಗಿರಿಗೆ ರಜೆ ಇಲ್ಲ. ಹೊಸದಾಗಿ ಬೆಳೆಸುವುದನ್ನು 2017ರಲ್ಲಿ ಸರ್ಕಾರ ನಿಷೇಧಿಸಿತು. ಇದ್ದ ಬೊಡ್ಡೆಗಳು ಕಡಿದಷ್ಟೂ ಚಿಗುರುತ್ತವೆ, ಬೇರು ಸಮೇತ ಕೀಳಿಸದ ಹೊರತು ನಿಷೇಧ ಕಾಗದದಲ್ಲಿ ಉಳಿಯುತ್ತದೆ. ಹಾಗೆಂದು ಎಲ್ಲ ತಪ್ಪನ್ನೂ ನೀಲಗಿರಿಯ ತಲೆಗೆ ಕಟ್ಟುವುದೂ ಸುಲಭದ ದಾರಿ. ದ್ರಾಕ್ಷಿ, ಹಿಪ್ಪುನೇರಳೆ, ಹೂವು, ತರಕಾರಿ ಎಲ್ಲವೂ ಬೋರ್ ನೀರಿನ ಬೆಳೆ. ಇದರ ಮಧ್ಯೆ ತಪ್ಪಲಿನ ಸೆರಗನ್ನೇ ಮಟ್ಟ ಮಾಡಿ ಲೇಔಟ್, ರೆಸಾರ್ಟ್ ಮಾಡುವುದು ಸೇರಿಕೊಂಡಿದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಬೆಟ್ಟದ ನೋಟಕ್ಕೂ ಚದರಡಿ ಲೆಕ್ಕದ ಬೆಲೆ ಬಂದಿದೆ.

ರೋಪ್‌ವೇ ಬಂದರೆ

ಸುಮಾರು ಮೂರು ಕಿಲೋಮೀಟರ್ ರೋಪ್‌ವೇ ಬಗ್ಗೆ ವಾದ ಎರಡು ಕಡೆಯೂ ಜೋರಾಗಿದೆ. ಕೇಬಲ್ ಕಾರಿನಿಂದ ರಸ್ತೆಯ ಹೊರೆ ಇಳಿಯುತ್ತದೆ ಎನ್ನುವುದು ನಿಜವಾಗಬೇಕಾದರೆ ರಸ್ತೆಗೆ ಖಾಸಗಿ ವಾಹನ ಬಿಡುವುದನ್ನು ಅಷ್ಟೇ ಪ್ರಮಾಣದಲ್ಲಿ ನಿಲ್ಲಿಸಬೇಕು. ಎರಡೂ ಇಟ್ಟುಕೊಂಡರೆ ಮೇಲೆ ಸೇರುವ ಜನ ಹೆಚ್ಚುತ್ತಾರೆ, ಅಷ್ಟೇ. ಗೋಪುರಗಳ ಬುನಾದಿಯ ವಿಷಯದಲ್ಲಿ ಗಟ್ಟಿ ಬಂಡೆಗೆ ಕೊರೆದು ಬೋಲ್ಟ್ ಹೂಡುವುದು ಕಷ್ಟವೇನಲ್ಲ. ತೊಂದರೆ ಬರುವುದು ಬುಡದ ಗುಂಡು, ಗರಸಿನ ಸೆರಗಿನಲ್ಲಿ ಬೀಳುವ ಗೋಪುರಗಳಿಗೆ, ಅಲ್ಲಿಗೆ ಯಂತ್ರ ಒಯ್ಯಲು ಮಾಡುವ ಕಚ್ಚಾ ರಸ್ತೆಗೆ. ಆ ತಾತ್ಕಾಲಿಕ ರಸ್ತೆಗೆ ಮೋರಿ ಯಾರೂ ಹಾಕುವುದಿಲ್ಲ. ಕೆಲಸ ಮುಗಿದ ಮೇಲೆ ಅದೇ ಹೊಸ ಹಳ್ಳವಾಗುತ್ತದೆ.

ಯಾರೂ ಹೆಚ್ಚು ಮಾತಾಡದ ವಿಷಯ ಶೌಚಾಲಯ. ಮಣ್ಣಿನ ಊರಿನಲ್ಲಿ ಇಂಗುಗುಂಡಿ ತೋಡಿದರೆ ಕೊಳಚೆ ಮಣ್ಣಿನಲ್ಲಿ ಸೋಸಿ ಇಳಿಯುತ್ತದೆ. ಹಾಸುಬಂಡೆಯ ಮೇಲೆ ಸೋಸುವ ಮಣ್ಣೇ ಇಲ್ಲ. ಗುಂಡಿಯ ನೀರು ಪದರದ ಬಿರುಕು ಹಿಡಿದು ಹಾಗೆಯೇ ಇಳಿದು ಕೆಳಗಿನ ಸೆಲೆಯಲ್ಲಿ, ಬಾವಿಯಲ್ಲಿ ಏಳುತ್ತದೆ. ಮೇಲೆ ದಿನಕ್ಕೆ ಎಷ್ಟು ಜನರನ್ನು ಬಿಡಬೇಕು ಎಂಬ ಮಿತಿಯನ್ನು ಪಾರ್ಕಿಂಗ್ ಜಾಗದ ಲೆಕ್ಕದಲ್ಲಿ ನಿಗದಿ ಮಾಡುವುದಕ್ಕಿಂತ, ಎಷ್ಟು ಕೊಳಚೆಯನ್ನು ಟ್ಯಾಂಕಿಯಲ್ಲಿ ಹಿಡಿದು ಕೆಳಗೆ ಸಾಗಿಸಬಲ್ಲೆವು ಎಂಬ ಲೆಕ್ಕದಲ್ಲಿ ಮಾಡಿದರೆ ಸಂಖ್ಯೆ ಬಹಳ ಸಣ್ಣದಾಗುತ್ತದೆ. ಬಹುಶಃ ಆ ಕಾರಣಕ್ಕೇ ಆ ಲೆಕ್ಕ ಮುಂದೆ ಬರುವುದಿಲ್ಲ.

ನಂದಿಯ ಹಕ್ಕಿಗಳ ಪಟ್ಟಿಯಲ್ಲಿ ಹಳದಿ ಕೊರಳಿನ ಪಿಕಳಾರವಿದೆ, ದಕ್ಷಿಣದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಅದಕ್ಕೆ ಬೇಕಾದದ್ದು ನೆತ್ತಿಯ ತೋಟವಲ್ಲ, ಇಳಿಜಾರಿನ ಗುಂಡುಗಳ ನಡುವಿನ ಕುರುಚಲು. ಅಭಿವೃದ್ಧಿಯ ನಕ್ಷೆಯಲ್ಲಿ ಅದಕ್ಕಿರುವ ಹೆಸರು ಪಾಳು ಜಮೀನು.

ತಪ್ಪಲಿನಲ್ಲಿ ಸೈಟು ಕೊಳ್ಳುವವರು, ಪಂಚಾಯಿತಿಯಲ್ಲಿ ಆಕ್ಷೇಪಣೆ ಹಾಕುವವರು ನೋಡಬೇಕಾದ ಕಾಗದ ಮೂರು: ಗ್ರಾಮ ನಕ್ಷೆ, ಸರ್ವೆ ನಂಬರಿನ ಟಿಪ್ಪಣಿ, ಪಹಣಿಯ ಖರಾಬು ಕಾಲಂ. ಎ ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ. ಬಿ ಖರಾಬು ಎಂದರೆ ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ, ಅದನ್ನು ಮಾರುವ ಹಕ್ಕು ಖಾತೆದಾರನಿಗಿಲ್ಲ. ಗ್ರಾಮ ನಕ್ಷೆಯಲ್ಲಿ ಬೆಟ್ಟದ ಬುಡದಿಂದ ಕೆರೆಯವರೆಗೆ ಎಳೆದ ಗೆರೆ, ಲೇಔಟ್ ನಕ್ಷೆಯಲ್ಲಿ 30 ಅಡಿ ರಸ್ತೆಯಾಗಿದೆಯೇ ಎಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆಮೇಲೆ ಒಂದು ಜೋರು ಮಳೆಯ ಮರುದಿನ ಜಾಗಕ್ಕೇ ಹೋಗಬೇಕು. ವರ್ಷದಲ್ಲಿ ಹತ್ತು ಹದಿನೈದು ದಿನ ಮಾತ್ರ ಹರಿಯುವ, ಒಂದು ಮಾರು ಅಗಲವೂ ಇಲ್ಲದ ಕೊರಕಲಿಗೆ ಪಹಣಿಯಲ್ಲಿ ಹೆಸರಿರುವುದಿಲ್ಲ, ಇಷ್ಟು ಗುಂಟೆ ಖರಾಬು ಎಂದಷ್ಟೇ ಇರುತ್ತದೆ. ಅಂಥ ಹತ್ತಾರು ಕೊರಕಲು ಸೇರಿದ ಮೇಲೆ, ಕೆಲವು ಮೈಲಿ ಕೆಳಗೆ, ಅದಕ್ಕೆ ಅರ್ಕಾವತಿ ಎನ್ನುತ್ತಾರೆ.